ಪೈಪಿನೊಳಗಿನ ಬೀಡಿ

ಬರ್ಕಾದಲ್ಲಿ ಏಪ್ರಿಲ್ ಎಂದರೆ ಬೆಳಗಿನ ಎಂಟಕ್ಕೇ
ಸ್ಪ್ಯಾನರ್ ಮುಟ್ಟಲಾಗದು.
ಖಲ್ಫಾನರ ತೋಟದ ಮನೆ, ಚಳಿಗಾಲವಿಡೀ ಮಲಗಿದ್ದ ಏಸಿ.
ಡ್ರೈನ್ ಪೈಪಿಗೆ ಬಾಯಿಟ್ಟು ಊದಿದೆ: ಗಾಳಿ ವಾಪಸು ಬಂತು.
ತಂತಿ ತೂರಿಸಿ ತಳ್ಳಿದರೆ
ಅಂಗೈಗೆ ಬಿದ್ದದ್ದು ಬೀಡಿ.
ಹಸಿರು ಬೀಡಿ! ಬುಡಕ್ಕೆ ತಲೆ ಸಿಕ್ಕಿಸಿದ ನಾಲ್ಕು, ನೂಲಿಲ್ಲ.

ಬೀಡಿ ನನಗೆ ಗೊತ್ತು.
ಪಾಣೆಮಂಗಳೂರಿನ ಜಗಲಿಯಲ್ಲಿ ಮಿಸ್ರಿಯಾ ಅಕ್ಕ
ತಗಡಿನ ಅಚ್ಚಿಟ್ಟು ಎಲೆ ಕತ್ತರಿಸುವ ಸದ್ದಿಗೇ
ನಾನು ಮಗ್ಗಿ ಕಲಿತದ್ದು.
ತಡ್ಪೆ ಮೊಣಕಾಲ ಮೇಲೆ, ಹೊಗೆಸೊಪ್ಪಿನ ಪುಡಿ ಉಗುರೊಳಗೆ,
ದಿನಕ್ಕೆ ಸಾವಿರ.
ಬ್ರಾಂಚಿನವ ಕಟ್ಟು ಬಿಚ್ಚಿ, ಮೂಸಿ, ನೂರನ್ನು ಮುರಿದೆಸೆದರೆ
ಒಂಬೈನೂರು.

ಒಂದರ ಮುಚ್ಚಳ ಬಿಟ್ಟುಕೊಂಡಿತ್ತು. ಒಳಗೆ
ಹೊಗೆಸೊಪ್ಪಲ್ಲ, ಹಳದಿ ಹಿಟ್ಟಿನ ಒದ್ದೆ ಮುದ್ದೆ,
ಅದರ ಮೇಲೆ ಅಕ್ಕಿನುಚ್ಚಿನಂಥ ಮೊಟ್ಟೆ.

ಅಷ್ಟರಲ್ಲಿ ಬಂದಳು ಕಟ್ಟಿದವಳು,
ಹೊಟ್ಟೆಯಡಿ ಕಾಗದದ ಹೂವಿನ ಎಲೆಯ ಬಿಲ್ಲೆ.
ಪೈಪಿದ್ದ ಜಾಗದಲ್ಲಿ ಪೈಪಿಲ್ಲ.
ಸುತ್ತಿದಳು. ನನ್ನ ಕಿವಿಯ ತೂತನ್ನೂ ಒಮ್ಮೆ ವಿಚಾರಿಸಿದಳು.

ಖಲ್ಫಾನ್ ಖಹ್ವಾದ ಬಟ್ಟಲು ಹಿಡಿದೇ ಬಂದರು,
ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವರು.
ರಾಣಿ ಇಲ್ಲ ಇದಕ್ಕೆ, ಹುಟ್ಟಿಲ್ಲ, ನಮಗೆ ಜೇನೂ ಇಲ್ಲ;
ಒಬ್ಬಳೇ ಕತ್ತರಿ, ಒಬ್ಬಳೇ ಹಮಾಲಿ.
ಗೋಡೆಗೆ ಉದ್ದನೆ ತುಂಡು, ಮುಚ್ಚಳಕ್ಕೆ ದುಂಡನೆಯದು.
ಪರಾಗ ಹೊರುವುದು ಕಾಲಲ್ಲಲ್ಲ, ಹೊಟ್ಟೆಯ ರೋಮದಲ್ಲಿ.
ನನ್ನ ಕುದುರೆಮೆಂತೆ ಬೀಜ ಕಟ್ಟುವುದು ಇಂಥವಳ ದಯೆ.
ಮೊದಲಿಟ್ಟ ಮೊಟ್ಟೆ ಒಳತುದಿಗೆ, ಅವು ಹೆಣ್ಣು. ಬಾಯಿಯ ಬಳಿ ಗಂಡು.
ತಮ್ಮಂದಿರು ಮೊದಲು ಹೊರಡುತ್ತಾರೆ,
ದಾರಿ ತೆರವಾದ ಮೇಲೆ ಅಕ್ಕಂದಿರು.

ಅಷ್ಟು ಹೇಳಿ ಖಹ್ವಾ ಕುಡಿದರು.
ನಾನು ಪೈಪು ಒರೆಸುತ್ತಿದ್ದೆ, ಒರೆಸಿದ್ದನ್ನೇ.

ಹೊಸ ಪೈಪಿಗೆ ಎರಡು ರಿಯಾಲ್.
ಹಳೆಯದರೊಳಗೆ ನಾಲ್ಕನ್ನೂ ಮತ್ತೆ ಇಳಿಸಿದೆ,
ಯಾವುದು ಒಳಗಿನದು, ಯಾವುದು ಬಾಯಿಯದು, ನೆನಪಿದ್ದಷ್ಟು.
ಕಿಟಕಿಯ ಸರಳಿಗೆ ಕೇಬಲ್ ಟೈ ಬಿಗಿದೆ.
ಅವಳು ಒಪ್ಪಿದಳೋ ಇಲ್ಲವೋ, ನೋಡಲು ನಿಲ್ಲಲಿಲ್ಲ;
ಸುವೈಕ್‌ನಲ್ಲಿ ಇನ್ನೂ ಮೂರು ಮನೆ ಇತ್ತು.

ರಾತ್ರಿ ಫೋನಿನಲ್ಲಿ ಕೇಳಿದೆ:
ಅಕ್ಕಾ, ಆ ತಗಡಿನ ಅಚ್ಚು ಕಳೆದುಹೋದ ವರ್ಷ
ನಿನಗೆ ಅಳತೆ ಹೇಗೆ ಸಿಗುತ್ತಿತ್ತು?
ಬಿಸಿಲು ತಲೆಗೆ ಹತ್ತಿತೇನೋ, ಎಂದಳು.
ಮೊದಲು ಊಟ ಮಾಡು.