ಯಾನ್

ನಮ್ಮಿಬ್ಬರ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ.
ಆಚೆ ಅವಳು, ಈಚೆ ನಾನು, ಇಬ್ಬರಿಗೂ ಸೇರಿ ಒಂದೇ ಎಸಿ.
ಹಾಗಾಗಿ ಹಲಗೆ ಸೀಲಿಂಗು ಮುಟ್ಟುವುದಿಲ್ಲ,
ಗಾಳಿಗೆಂದು ಒಂದು ಗೇಣು ಬಿಟ್ಟಿದ್ದಾರೆ.
ದುಬೈಯ ಈ ಮೂಲೆಯಲ್ಲಿ ರಾತ್ರಿ ಹನ್ನೊಂದರ ಮೇಲೆ
ಆ ಗೇಣಿನಿಂದ ಇಂಗ್ಲಿಷ್ ಪದಗಳು ಬೀಳುತ್ತವೆ
ನನ್ನ ಹಾಸಿಗೆಗೆ.

ಅಬಾಂಡನ್. ಅಬಾಂಡನ್. ಅಬಾಂಡನ್.
ಅವಳ ಪದಗಳ ಪುಸ್ತಕದಲ್ಲಿ ಅದೇ ಮೊದಲು.
"ಒಂದನೇ ಪುಟದಲ್ಲೇ ಬಿಟ್ಟುಬಿಡು ಅನ್ನುತ್ತದೆ,
ನಮ್ಮಲ್ಲಿ ಓದುವವರೆಲ್ಲ ಇದಕ್ಕೆ ನಗುತ್ತಾರೆ" ಅಂದಳು ಯಾನ್,
ನೂಡಲ್ಸಿಗೆ ನೀರಿಡುತ್ತ.
ತಾನು ನಗಲಿಲ್ಲ.

ಹಗಲೆಲ್ಲ ಡ್ರ್ಯಾಗನ್ ಮಾರ್ಟಿನಲ್ಲಿ ನಲ್ಲಿ ಮಾರುತ್ತಾಳೆ.
ಕ್ರೋಮಿನದು, ಹಿತ್ತಾಳೆಯದು, ಕೈಯೊಡ್ಡಿದರೆ ತಾನೇ ಸುರಿಯುವಂಥದು.
ಸಾಲುಸಾಲು ನಲ್ಲಿ, ಒಂದರಲ್ಲೂ ನೀರಿಲ್ಲ.
ಓದಿದ್ದು ನೀರಿನ ರಸಾಯನ.
ಕಡಲಿನಿಂದ ಉಪ್ಪು ಸೋಸುವ ಪೊರೆಯ ಮೇಲೆ
ಡಾಕ್ಟರೇಟು ಮಾಡಬೇಕಂತೆ, ಲಾನ್‌ಝೋಗೆ ಮರಳಿ.
ಉಪ್ಪು ಗೊತ್ತು, ಪೊರೆ ಗೊತ್ತು, ಇಲ್ಲಿಗೆ ಬಂದ ಮೇಲೆ ಕಡಲೂ ಗೊತ್ತು;
ಪ್ರವೇಶ ಪರೀಕ್ಷೆಗೆ ಮಾತ್ರ ಮೊದಲು ಇಂಗ್ಲಿಷು.
ಎರಡು ಸಲ ಆ ಹೊಸ್ತಿಲಲ್ಲೇ ಮುಗ್ಗರಿಸಿದ್ದಾಳೆ,
ಒಮ್ಮೆ ನಾಲ್ಕು ಅಂಕಕ್ಕೆ,
ಇನ್ನೊಮ್ಮೆ ಒಂದಕ್ಕೆ.

ನನ್ನ ಇಂಗ್ಲಿಷೋ, ಕ್ಲಿನಿಕ್ಕಿನ ಬಿಲ್ಲಿಂಗ್ ಕೌಂಟರಿನದು:
ಕಾರ್ಡ್ ಪ್ಲೀಸ್, ಸೈನ್ ಹಿಯರ್, ನಾಟ್ ಕವರ್ಡ್ ಸರ್.
ಆದರೂ ನನ್ನನ್ನೇ ಕೇಳುತ್ತಾಳೆ,
ಎಲ್ಲಿ 'ಎ', ಎಲ್ಲಿ 'ದಿ', ಎರಡೂ ಬೇಡದ್ದು ಎಲ್ಲಿ?
ನಮ್ಮಲ್ಲೂ ಇಲ್ಲ ಮಾರಾಯ್ತಿ ಅಂದೆ.
ಕಡಲು ಅಂದರೆ ಕಡಲು, ಅದರ ತಲೆಗೆ ಟೊಪ್ಪಿ ಇಡುವುದಿಲ್ಲ.
ಅವಳ ಮುಖ ಅಷ್ಟು ಅರಳಿದ್ದು ನಾನು ಕಂಡಿರಲಿಲ್ಲ.
ಹದಿನಾಲ್ಕು ತಿಂಗಳ ಪಾಠದಲ್ಲಿ
ನಾನು ಸರಿಯಾಗಿ ಕಲಿಸಿದ್ದು ಅದೊಂದೇ: ನಮ್ಮಲ್ಲೂ ಇಲ್ಲ.

ಇಲ್ಲ ಎಂಬುದಕ್ಕೂ ನನಗೂ ಹಳೆಯ ಜಗಳ.
ಒಂದನೇ ಕ್ಲಾಸು, ಪುತ್ತೂರಿನ ಹತ್ತಿರ. ಘಟ್ಟದ ಮೇಲಿನ ಟೀಚರು
ಮನೆಯ ಚಿತ್ರ ತೋರಿಸಿ ಏನಿದು ಅಂದರು.
ಇಲ್ಲ್, ಅಂದೆ. ನಮ್ಮ ತುಳುವಿನಲ್ಲಿ ಮನೆಗೆ ಅದೇ ಹೆಸರು.
ಕಣ್ಣೆದುರೇ ಇದೆ, ಇಲ್ಲ ಅನ್ನುತ್ತೀಯಲ್ಲೇ, ಎಂದು
ಬೆಂಚಿನ ಮೇಲೆ ನಿಲ್ಲಿಸಿದರು.
ಈ ಕನ್ನಡಕ್ಕೆ ನಾನು ಬಂದದ್ದು ಆ ಬೆಂಚಿನಿಂದ ಇಳಿದು.

ಮತ್ತೆ ಕಾಲ. ಯಾನಳ ಕ್ರಿಯಾಪದಗಳಿಗೆ ನಿನ್ನೆಯಿಲ್ಲ,
ಯಾವಾಗ ಎಂಬುದನ್ನು ಪಕ್ಕದಲ್ಲಿ ಬೇರೆಯೇ ಇಡಬೇಕು.
ಪ್ರಬಂಧದ ಹಾಳೆಯಲ್ಲಿ ಬರೆದಿದ್ದಳು:
ಮೈ ಫಾದರ್ ಡೈ ಇನ್ ವಿಂಟರ್.
ಕೆಂಪು ಪೆನ್ನು ನನ್ನ ಕೈಯಲ್ಲಿತ್ತು.
ಕೊನೆಗೊಂದು 'ಡಿ' ಸೇರಿಸಬೇಕು, ಅಷ್ಟೆ.
ಸೇರಿಸಲಾಗಲಿಲ್ಲ.
ಎದ್ದುಹೋಗಿ ಚಹಾ ಮಾಡಿದೆ. ಬರುವಷ್ಟರಲ್ಲಿ
ಅವಳೇ ಸೇರಿಸಿದ್ದಳು, ಪೆನ್ಸಿಲ್ಲಿನಲ್ಲಿ, ತೀರಾ ಸಣ್ಣದಾಗಿ.

ಹೆಸರು ಹೇಳಿದ ದಿನ ನಾನು ನಕ್ಕುಬಿಟ್ಟಿದ್ದೆ.
ಅವಳ ಭಾಷೆಯಲ್ಲಿ ಅದು ಕವಲುತೋಕೆ,
ಸೂರಿನಡಿ ಮಣ್ಣು ಮೆತ್ತಿ ಗೂಡು ಕಟ್ಟುವ ಹಕ್ಕಿ.
ತುಳುವಿನಲ್ಲಿ ಯಾನ್ ಅಂದರೆ ನಾನು.
ಬೆಳಗ್ಗೆ ಡ್ಯೂಟಿಗೆ ತಡವಾಗಿ, ಬಚ್ಚಲ ಬಾಗಿಲು ಬಡಿದು
ಯಾನ್, ಯಾನ್, ಬೇಗ ಬಾ ಎಂದು ಕೂಗುವಾಗ
ಒಳಗೆ ನೀರು ಹುಯ್ದುಕೊಳ್ಳುತ್ತಿರುವವಳು ಯಾರೆಂದು
ಒಮ್ಮೊಮ್ಮೆ ಗೊಂದಲ.

ಮಾರ್ಚಿನಲ್ಲಿ ಹೋದಳು, ಮೂರನೆಯ ಸಲಕ್ಕೆ.
ಆಚೆ ಈಗ ನೇಪಾಳದ ಒಬ್ಬಳು, ಬೇಗ ಮಲಗುತ್ತಾಳೆ.
ಫಲಿತಾಂಶ ಇನ್ನೂ ಬಂದಿಲ್ಲ; ಕೇಳಲು ನನಗೂ ಧೈರ್ಯವಿಲ್ಲ.
ಅಡುಗೆಮನೆಯ ನಲ್ಲಿಯ ಮೇಲೆ ಅವಳು ಅಂಟಿಸಿದ ಚೀಟಿ ಹಾಗೇ ಇದೆ:
ದಿ ವಾಟರ್. 'ದಿ' ಹೊಡೆದುಹಾಕಿ, ಮತ್ತೆ ಬರೆದು,
ಮತ್ತೆ ಹೊಡೆದು.
ಹಬೆಗೆ ಒಂದು ಮೂಲೆ ಎದ್ದಿದೆ.
ಪಾತ್ರೆ ತೊಳೆದ ಒದ್ದೆ ಬೆರಳಿಂದ
ದಿನಾ ಒತ್ತಿ ಕೂರಿಸುತ್ತೇನೆ.