ಬಾಳ್ಗೞ್ಚು

ನಾನು ಬಿಡಿಸಿದ ಳ
ಜಿಲ್ಲಾಧಿಕಾರಿಗಳ ಆದೇಶದಲ್ಲಿತ್ತು.
ಮಹಾವೀರ ಸರ್ಕಲ್ಲಿನ ಗೋಡೆ, ಗೋಂದು ಇನ್ನೂ ಹಸಿ:
ನಾಲ್ಕಕ್ಕಿಂತ ಹೆಚ್ಚು ಜನ ಸೇರಬಾರದು.
ಳ-ದ ಬಾಲ ಒಂದು ಕೂದಲೆಳೆ ದಪ್ಪ.
ನನ್ನದೇ ತಪ್ಪು, ಮೂರು ವರ್ಷದಿಂದ
ತಿದ್ದುತ್ತೇನೆ ತಿದ್ದುತ್ತೇನೆ ಅಂದುಕೊಂಡದ್ದು.

ನಾವು ಸೇರುತ್ತಿದ್ದದ್ದು ನಾಲ್ಕೇ ಜನ,
ಕಾನೂನಿಗೆ ಅಳೆದು ಹೊಲಿಸಿದ ಹಾಗೆ.
ಸಾಲಗಾಮೆ ರಸ್ತೆ, ಲ್ಯಾಮಿನೇಶನ್ ಅಂಗಡಿಯ ಮಹಡಿ, ಶನಿವಾರ ಸಂಜೆ.
ಪ್ರಿಂಟರ್ ರಿಪೇರಿಯ ಇಫ್ತಿಕಾರ್, ಬೆರಳ ತುದಿ ಸದಾ ಕಪ್ಪು.
ವಕೀಲೆ ಜಯಶೀಲಾ.
ನಿವೃತ್ತ ಹವಾಲ್ದಾರ್ ಮೊಗಣ್ಣಗೌಡರು,
ಮೆಟ್ಟಿಲು ಹತ್ತಿ ಬಂದು
ಮಂಡಿಯನ್ನು ಒಂದು ಸಲ ಬೈದೇ ಕೂರುವವರು.

ಆ ವಾರ ಒಂದು ಪತ್ರ ಬಂದಿತ್ತು.
ಗಡಿಯ ಮೇಲೆ ಹಾರಿಸುವ ಯಂತ್ರದ ಕಂಪನಿ.
ಅದರ ಪರದೆಗೆ ನನ್ನ ಅಕ್ಷರ, ಅದನ್ನು ಜೋಡಿಸುವ ತಂತ್ರಾಂಶ, ಎರಡೂ ಬೇಕಂತೆ.
'ಎರಡೂ ಮುಕ್ತ. ನಿಮ್ಮನ್ನು ಕೇಳಬೇಕಾಗಿಲ್ಲ.
ಆದರೂ ಸೌಜನ್ಯಕ್ಕೆ.'

ಒಂದು ಮಾತು ಸೇರಿಸು, ಅಂದ ಇಫ್ತಿಕಾರ್.
ಯುದ್ಧಕ್ಕಲ್ಲ. ಅಷ್ಟೇ.

ಯುದ್ಧ ಯಾವುದು ಅಂತ ಹೇಳೋರು ಯಾರು? ಜಯಶೀಲಾ.
ಕುರ್ಚಿಯಲ್ಲಿ ಕೂತವರು ಅದಕ್ಕೆ ಶಾಂತಿಪಾಲನೆ ಅಂತಾರೆ,
ನಿನ್ನ ಸಾಲು ಅವರ ಕೂದಲೂ ಕೊಂಕಿಸಲ್ಲ.
ಕರಪತ್ರ ಅಚ್ಚು ಹಾಕಿದ ಹುಡುಗಿಯನ್ನು ಮಾತ್ರ
ಅದೇ ಸಾಲು ಹಿಡಿದು ಕೋರ್ಟಿಗೆ ಎಳೀತಾರೆ.
ಅರವಟ್ಟಿಗೆ ಇಟ್ಟ ಮೇಲೆ
ಲೋಟ ಹಿಡಿದ ಕೈಯ ಜಾತಕ ಕೇಳಬಾರದು.

ನೀರು ಬೇರೆ. ನೀರಿಗೆ ಗುರಿ ಇಲ್ಲ.

ಗೊರೂರಿನ ಅಣೆಕಟ್ಟಿಗೆ ಊರು ಬಿಟ್ಟವರ ಮಗಳು ನಾನು ಇಫ್ತಿಕಾರ್,
ನೀರಿಗೆ ಗುರಿ ಇಲ್ಲ ಅಂತ
ನನ್ನ ಹತ್ತಿರ ಹೇಳಬೇಡ.

ಆಗ ಬಾಯಿ ಬಿಟ್ಟರು ಮೊಗಣ್ಣಗೌಡರು,
ಆಲೂಬೋಂಡದ ಎಣ್ಣೆ ಪೇಪರಿಗೆ ಒತ್ತುತ್ತ:
ಸಕಲೇಶಪುರದ ಕಡೆ ಹುಡುಗ, ನನ್ನ ಕೈಕೆಳಗೆ.
ಪೆಟ್ಟಿಗೆ ಮೇಲೆ ಕೆಂಪಗೆ ಏನೋ ಬರೆದಿತ್ತು.
ಓದೋಕಾಗಲಿಲ್ಲ ಅವನಿಗೆ. ಎರಡು ಬೆರಳು, ಒಂದು ಕಣ್ಣು.
ನಿಮ್ಮ ಅಕ್ಷರ ಇದ್ದಿದ್ದರೆ...
ಇದ್ದಿದ್ದರೆ ಆ ಕಡೆಯವನ ಕಣ್ಣು ಹೋಗೋದು.
ಅದನ್ನೂ ನಾನೇ ಹೇಳಬೇಕಾ?

ಕೆಳಗೆ ಯಂತ್ರ ಯಾರದೋ ಅಂಕಪಟ್ಟಿಯನ್ನು
ಬಿಸಿ ಮಾಡಿ ಹೊರಗೆ ಬಿಡುತ್ತಿತ್ತು.

ನಿನ್ನ ಔದಾರ್ಯ, ಅಂದ ಇಫ್ತಿಕಾರ್ ನನಗೆ,
ಹೆದರಿಕೆಗೆ ಇಟ್ಟ ಮುದ್ದಿನ ಹೆಸರು.
ದಡದಡ ಇಳಿದು ಹೋದ.
ಹೆಲ್ಮೆಟ್ ಇಲ್ಲೇ ಉಳಿಯಿತು.

ಮರುದಿನ ಬೇಲೂರಿನ ಬಸ್ಸು ಹಿಡಿದು, ಇಳಿದು, ಆಟೋದಲ್ಲಿ ಹಲ್ಮಿಡಿಗೆ ಹೋದೆ.
ಊರಲ್ಲಿರುವುದು ಪ್ರತಿ,
ಮೂಲ ಸರ್ಕಾರದ ಬಳಿ.
ಅಷ್ಟು ಹಳೆಯ ಕನ್ನಡ ಹೂವಿನ ಮಾತೇನೂ ಆಡುವುದಿಲ್ಲ:
ಕಾದಿ ಗೆದ್ದವನಿಗೆ ಊರು ಕೊಟ್ಟರು,
ಕತ್ತಿ ತೊಳೆದ ಲೆಕ್ಕಕ್ಕೆ.
ಜೊತೆಗೊಂದು ಷರತ್ತು: ಕದ್ದವನು ಮಹಾಪಾತಕಿ.
ಜಯಶೀಲಾ ಇದ್ದಿದ್ದರೆ ನಕ್ಕು, ನೋಡು ಲೈಸೆನ್ಸು, ಅನ್ನುತ್ತಿದ್ದಳು.
ಉಳಿ ಹಿಡಿದವನು ಒಪ್ಪಿದ್ದನೋ ಇಲ್ಲವೋ.
ತೊಳೆದ ನೀರು ಯಾರ ಹೊಲಕ್ಕೆ ಹರಿಯಿತೋ.
ಕಲ್ಲಿಗೆ ಅಷ್ಟು ಜಾಗ ಇರಲಿಲ್ಲ.

ಮನೆಗೆ ಬಂದು ಆ ಪದ ಒತ್ತಿದೆ, ಬಾಳ್ಗೞ್ಚು.
ನಡುವೆ ಒಂದು ಖಾಲಿ ಚೌಕ.
ನನ್ನ ಅಕ್ಷರಮಾಲೆಯಲ್ಲಿ ೞ ಇರಲಿಲ್ಲ.
ಈಗ ಯಾರಿಗೆ ಬೇಕು ಎಂದು ಬಿಟ್ಟಿದ್ದೆ.

ಎರಡು ರಾತ್ರಿ ಅದೊಂದಕ್ಕೇ ಹೋಯಿತು.
ನಡುವೆ, ಸುಮ್ಮನೆ, 'ಯುದ್ಧಕ್ಕಲ್ಲ' ಎಂದು ಬರೆದು ನೋಡಿದೆ:
ದ್ಧ-ದ ಒತ್ತು ಸಾಲು ಬಿಟ್ಟು ಜಾರಿ
ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು.
ಅಳಿಸಿದೆ. ಮತ್ತೆ ಬರೆದೆ. ಒತ್ತನ್ನು ಮಾತ್ರ ತಿದ್ದಿದೆ,
ಮಾತನ್ನು ಹಾಗೇ ತೆರೆದಿಟ್ಟು ಮಲಗಿದೆ.

ಕಂಪನಿಗೆ ಉತ್ತರ ಹೋಗಿಲ್ಲ.
ಸರ್ಕಲ್ಲಿನ ಕಾಗದದ ಒಂದು ಮೂಲೆ ಗಾಳಿಗೆ ಎದ್ದಿದೆ.
ಇವತ್ತು ಶನಿವಾರ. ಹೆಲ್ಮೆಟ್ ಕಿಟಕಿಯಲ್ಲೇ ಇದೆ.
ನಾಲ್ಕು ಲೋಟ ತೊಳೆದು
ಬೋರಲು ಇಟ್ಟಿದ್ದೇನೆ.