ಆಲೂಗಡ್ಡಿ, ಎರಡು ಕಿಲೋ

ವಾಡಿ ಜಂಕ್ಷನ್ನಿನ ಹಿಂದೆ, ಸಿಮೆಂಟಿನ ಧೂಳು ಕೂತ
ಶಹಾಬಾದಿ ಪರಸಿಯ ಮೇಲೆ ಬೆರಳು ಉಜ್ಜಿದೆ:
'ಡಾನವನ್, ಡ್ರೈವರ್.' ಇಸವಿಯ
ಕೊನೆಯ ಅಂಕಿ ಒಡೆದಿದೆ.

ಮುತ್ತಜ್ಜ ಕಾರ್ಕಿನಿಂದ ಬಂದವನಂತೆ.
ಕಾರ್ಕ್ ಅಂದರೆ ಬಾಟಲಿಯ ಬೂಚು
ಅಂತಲೇ ತಿಳಿದಿದ್ದೆ ಚಿಕ್ಕವನಿದ್ದಾಗ;
ತೇಲಿ ಬಂದಿರಬೇಕು, ಹಡಗು ಯಾಕೆ?

ರಜಿಸ್ಟರು ಕೇಳಿದರೆ ಪಾದ್ರಿ ನಕ್ಕರು:
"ಗೆದ್ದಲ ಓದಿ ಮುಗಿಸ್ಯಾವ, ನೀ ತಡಾ ಮಾಡಿದಿ."
ಅವನ ಹೆಂಡತಿ ಬ್ರಿಜೆಟ್
ಗ್ಯಾಂಗಿನವರ ಬಾಯಲ್ಲಿ ಬಿರ್ಜಾಬಾಯಿ.
ನಾಲ್ಕನೇ ತಲೆಮಾರಿಗೆ, ಚಿತ್ತಾಪುರದ ಶಾಲೆಯ ಹಾಜರಿಯಲ್ಲಿ
ನಾನು ಫೆಲಿಕ್ಸ್ ದಾನವ.
ಪುರಾಣದ ಪಾಠ ಬಂದ ದಿನ
ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು.

ಅಪ್ಪ ಸಂತೆಯಲ್ಲಿ ಆಲೂಗಡ್ಡಿಯನ್ನು
ಒಂದೊಂದೇ ಮೂಗಿಗೆ ಹಿಡಿದು ಆರಿಸುತ್ತಿದ್ದ.
"ಮಲ್ಲಿಗಿ ಹೂವೇನು ಸಾಹೇಬಾ?"
ಮೆಹಬೂಬಿ ಬೈದರೂ ಬಿಡಲಿಲ್ಲ.
ಅವನಪ್ಪನೂ ಹಾಗೇ ಮೂಸುತ್ತಿದ್ದನಂತೆ,
ಯಾಕೆಂದು ಯಾರೂ ಕೇಳಿರಲಿಲ್ಲ.
ಆ ಸೀಮೆಯಲ್ಲಿ ಒಂದು ವರ್ಷ
ಗಡ್ಡೆಯೆಲ್ಲ ಮಣ್ಣೊಳಗೇ ಕರಗಿ
ಹೊಲದಿಂದ ಹೊಲಕ್ಕೆ ನಾತ ನಡೆದಿತ್ತಂತೆ;
ಮೊನ್ನೆಯಷ್ಟೇ ಓದಿದೆ.

ಸೊಲ್ಲಾಪುರದ ಗಾಡಿ ಸಿಗ್ನಲಿಗೆ ನಿಂತಿದೆ.
ಕಲ್ಲಿಗೆ ಒಂದು ಚೆಂಬು ನೀರು ಹೊಯ್ದು
ಸಂತೆಗೆ ಹೋದೆ.
ಮೆಹಬೂಬಿಯ ಸೊಸೆ ತಕ್ಕಡಿ ಹಿಡಿದು ಕಾಯುತ್ತಾಳೆ.
ಎರಡು ಕಿಲೋ.
ಒಂದೊಂದೇ.